ಉಡುತಡಿಯಿಂದ ಕಲ್ಯಾಣಕ್ಕೆ: ಆಕಾಶಮಾರ್ಗದ ಲೆಕ್ಕ

ಮಲೆನಾಡಿನ ಉಡುತಡಿಯಲ್ಲಿ ಜನಿಸಿದ ಅಕ್ಕಮಹಾದೇವಿ ತಾಯಿ ಹನ್ನೆರಡನೆಯ ಶತಮಾನದಲ್ಲಿ ಕಾಲ್ನಡಿಗೆಯಿಂದಲೇ ಕಲ್ಯಾಣವನ್ನು ಸೇರಿದಳೆಂದು ಶರಣ ಪರಂಪರೆ ಸಾರುತ್ತದೆ. ಆ ದಾರಿಯ ಎರಡು ತುದಿಗಳನ್ನೂ ಕಣ್ಣಾರೆ ಕಾಣಬೇಕೆಂಬುದು ಎಂಬತ್ತರ ಹೊಸ್ತಿಲಲ್ಲಿದ್ದ ನಮ್ಮ ಮಾತೋಶ್ರೀಯವರ ಬಹುದಿನದ ಬಯಕೆ. ಮೊಣಕಾಲಿನ ಬೇನೆಯಿಂದಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತಿರುವುದು ಅವರಿಗೆ ಆಗದು. ಆದುದರಿಂದ 2024ರಲ್ಲಿ ನಾವು ಉಡುತಡಿಯ ದರ್ಶನ ಮುಗಿಸಿ ವಿಮಾನಯಾನ ಕೈಗೊಂಡೆವು.

ಶಿವಮೊಗ್ಗದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಅದರ ರನ್‌ವೇ 3,200 ಮೀಟರ್ ಉದ್ದವಾಗಿದೆ. ಕಲಬುರಗಿಯ ನಿಲ್ದಾಣ ಆರಂಭವಾದುದು 2019ರ ನವೆಂಬರ್ 22ರಂದು. ನಕಾಶೆಯ ಮೇಲೆ ನೇರ ಗೆರೆ ಎಳೆದರೆ ಇವೆರಡರ ಅಂತರ ಸುಮಾರು 410 ಕಿ.ಮೀ. ಗಂಟೆಗೆ 500 ಕಿ.ಮೀ. ವೇಗದ ಸಣ್ಣ ವಿಮಾನಕ್ಕೆ ಇದು 50 ನಿಮಿಷದ ಹಾದಿ. ಏರಿಳಿಯುವ ಹೊತ್ತೂ ಸೇರಿ ಒಂದು ಗಂಟೆ. ಅಕ್ಕನ ಹಾದಿಯಾದರೋ, ದಿನಕ್ಕೆ 20 ಕಿ.ಮೀ. ನಡೆದರೂ ಮೂರು ವಾರಕ್ಕೆ ಕಡಿಮೆಯಾಗದು.

ಆದರೆ ಲೆಕ್ಕ ಬೇರೆ, ಪ್ರಯಾಣ ಬೇರೆ. ನಾವು ಹೊರಟಾಗ ನೇರ ವಿಮಾನವಿರಲಿಲ್ಲ. ಬೆಂಗಳೂರಿಗೆ ಸುಮಾರು 240 ಕಿ.ಮೀ., ಅಲ್ಲಿಂದ ಕಲಬುರಗಿಗೆ 460 ಕಿ.ಮೀ., ಹೀಗೆ ಒಟ್ಟು 700 ಕಿ.ಮೀ. ಹಾರಬೇಕಾಯಿತು. ನಡುವೆ ಬೆಂಗಳೂರಿನ ಬಂಧುಗಳ ಮನೆಯಲ್ಲಿ ಒಂದು ರಾತ್ರಿ ತಂಗಿದೆವು. ಒಂದು ಗಂಟೆಯ ದಾರಿ ಎರಡು ದಿನವಾಯಿತು. ದೇಹದಲ್ಲಿ ಕಸುವುಳ್ಳವರು ಬಸ್ಸಿನಲ್ಲೇ ಬೇಗ ತಲುಪಿಯಾರು!

ನಿಲ್ದಾಣದ ತಪಾಸಣೆಯಲ್ಲಿ ಮಾತೋಶ್ರೀಯವರ ಕೊರಳಿನ ಬೆಳ್ಳಿಯ ಕರಡಿಗೆ ಕಂಡು ಯಂತ್ರ ಸದ್ದು ಮಾಡಿತು. ಅವರು ಗಾಬರಿಯಾಗಲಿಲ್ಲ, ಶಿವದಾರವನ್ನು ತೆಗೆಯಲೂ ಇಲ್ಲ. "ಇದು ನನ್ನ ಇಷ್ಟಲಿಂಗ ತಾಯಿ, ಅಂಗದಿಂದ ಅಗಲಿಸುವಂತಿಲ್ಲ" ಎಂದು ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. ಭದ್ರತೆಯ ಹೆಣ್ಣುಮಗಳು ನೋಡಿ, ಕೈಮುಗಿದು ಮುಂದೆ ಕಳುಹಿಸಿದಳು.

ಕಲಬುರಗಿಯಲ್ಲಿ ಶರಣಬಸವೇಶ್ವರರ ದರ್ಶನ ಪಡೆದು, ಸುಮಾರು 80 ಕಿ.ಮೀ. ದೂರದ ಬಸವಕಲ್ಯಾಣವನ್ನು ಕಾರಿನಲ್ಲಿ ಸೇರಿದೆವು. ಅಕ್ಕನಾಗಮ್ಮನ ಗವಿಯ ತಂಪಿನಲ್ಲಿ ಕುಳಿತಾಗ ಮಾತೋಶ್ರೀಯವರು ಮೆಲ್ಲನೆ ಕೇಳಿದರು: "ಅಕ್ಕ ನಡೆದು ಬಂದಳು, ನಾನು ಕುಳಿತು ಬಂದೆ. ಇದು ಯಾತ್ರೆ ಎನಿಸೀತೇನಪ್ಪಾ?"

ನಮಗೆ ಆಗ ಶೂನ್ಯಸಂಪಾದನೆಯ ಪ್ರಸಂಗ ನೆನಪಾಯಿತು. ಅನುಭವ ಮಂಟಪಕ್ಕೆ ಬಂದ ಅಕ್ಕನನ್ನು ಅಲ್ಲಮಪ್ರಭುಗಳು ಪರೀಕ್ಷಿಸಿದ್ದು ದಾರಿಯ ದೂರದಿಂದಲ್ಲ, ಅಂತರಂಗದ ನಿಲುವಿನಿಂದ. ಅದನ್ನೇ ಹೇಳಿದೆವು. ಅವರು ಮಾತನಾಡಲಿಲ್ಲ, ಲಿಂಗವನ್ನು ಕರಸ್ಥಲಕ್ಕೆ ತಂದುಕೊಂಡು ಕಣ್ಣು ಮುಚ್ಚಿದರು. ಮರಳುವ ಹೊತ್ತಾಯಿತೆಂದು ನಾವೂ ಎಬ್ಬಿಸಲಿಲ್ಲ.

ವಿಮಾನಗಳ ವೇಳೆ, ಮಾರ್ಗಗಳು ಆಗಾಗ ಬದಲಾಗುತ್ತವೆ. ವೃದ್ಧರೊಡನೆ ಹೊರಡುವ ಶರಣ ಬಂಧುಗಳು ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳಿತು. ಆದರೆ ಹಿರಿಯರ ಬಯಕೆಯನ್ನು ಮಾತ್ರ ಮುಂದೂಡದಿರಿ.