ಅಳಿವೆಯ ನೀರಿಗೊಂದು ದೋಣಿ

ಚಂದ್ರಗಿರಿ ಹೊಳೆಯ ಹೆಸರು ನಮ್ಮ ಕಿವಿಗೆ ಬೀಳುವುದು ಹೆಚ್ಚಾಗಿ ಗಡಿಯ ಮಾತಿನೊಡನೆ. 1967ರ ಮಹಾಜನ ವರದಿ ಈ ಹೊಳೆಯನ್ನೇ ಗೆರೆಯಾಗಿ ಹಿಡಿದು, ಅದರ ಉತ್ತರದ ನೆಲ ಕರ್ನಾಟಕಕ್ಕೆ ಸೇರಬೇಕೆಂದಿತು. ಮೂವತ್ತು ವರ್ಷ ಭೂಪಟದ ಮೇಲೆ ಬೆರಳಿಟ್ಟು ಆ ಗೆರೆಯನ್ನು ಮಕ್ಕಳಿಗೆ ತೋರಿಸಿದ ನಾನು ಅದರ ನೀರಿಗೆ ಇಳಿದವನಲ್ಲ. ಕಳೆದ ಜನವರಿಯಲ್ಲಿ ಇಳಿಯಬೇಕಾಗಿ ಬಂತು. ಮಗಳಿಗೊಂದು ದೋಣಿ ಬೇಕಾಗಿತ್ತು.

ಆಲಪ್ಪುಳದಲ್ಲಿ ಓದುತ್ತಿದ್ದ ದಿನಗಳಲ್ಲಿ ಆಕೆ ಅಲ್ಲಿನ ಕಾಯಲಿನಲ್ಲಿ ರೋಯಿಂಗ್ ಕಲಿತಿದ್ದಳು. ಈಗ ಊರಿನಲ್ಲೇ ಉದ್ಯೋಗ. ಸಂಬಳದ ಉಳಿತಾಯದಲ್ಲಿ ತನ್ನದೇ ಒಂದು ದೋಣಿ ಕೊಳ್ಳುವ ಹಂಬಲ. ದಕ್ಷಿಣದ ಮಾರಾಟಗಾರರೊಬ್ಬರು ಎರಡು ಹಳೆಯ ದೋಣಿಗಳನ್ನು ಲಾರಿಯಲ್ಲಿ ತರಲು ಒಪ್ಪಿದ್ದರು. ಎರಡನ್ನೂ ನೀರಿಗಿಳಿಸಿ ನೋಡಿ ಒಂದನ್ನು ಉಳಿಸಿಕೊಳ್ಳಬೇಕು.

ಲಾರಿ ಬರುವ ಮೊದಲು ನೀರನ್ನು ನೋಡಿಬಿಡೋಣವೆಂದು ನಸುಕಿನಲ್ಲೇ ಕಾಸರಗೋಡು ಪೇಟೆಯಿಂದ ಹೊರಟು, ಸೇತುವೆ ದಾಟಿ, ಚಂದ್ರಗಿರಿ ಕೋಟೆ ಹತ್ತಿದೆವು. ಬಿದನೂರಿನ ಶಿವಪ್ಪ ನಾಯಕನ ಹೆಸರಿನೊಡನೆ ಬೆಸೆದುಕೊಂಡಿರುವ 17ನೆಯ ಶತಮಾನದ ಮುರಕಲ್ಲಿನ ಗೋಡೆಗಳು ಇಬ್ಬನಿಯಲ್ಲಿ ತೊಯ್ದಿದ್ದವು. ಕೊಡಗಿನ ಬೆಟ್ಟಗಳಿಂದಿಳಿದು, ಸುಳ್ಯವನ್ನು ಹಾದು, ಪಯಸ್ವಿನಿಯೆಂಬ ಹೆಸರಿನಲ್ಲಿ ಬಂದ ನೀರು ಮೂಡಣದ ತೆಂಗಿನ ತೋಟಗಳ ನಡುವಿನಿಂದ ಹೊರಬರುತ್ತಿತ್ತು. ಪಡುವಣದಲ್ಲಿ ತಳಂಗರೆಯ ದಡ. ಅದರಾಚೆ ಅಳಿವೆ, ಅಲ್ಲೊಂದು ಬಿಳಿಯ ನೊರೆಗೆರೆ.

“ಎಷ್ಟು ಶಾಂತವಾಗಿದೆ ನೋಡಿ ಅಪ್ಪಾ,” ಎಂದಳು ಮಗಳು. ನನಗೆ ಕಂಡದ್ದು ಆ ನೊರೆಗೆರೆ ಮಾತ್ರ.

ಕೆಳಗಿಳಿದಾಗ, ಹಿಂದೆ ಕಡವಿನಲ್ಲಿ ದೋಣಿ ನಡೆಸುತ್ತಿದ್ದ ಕಾಕ ಒಬ್ಬರು ದಡದಲ್ಲಿ ಬಲೆ ಸರಿಪಡಿಸುತ್ತಾ ಕುಳಿತಿದ್ದರು. ನಮ್ಮ ಉದ್ದೇಶ ಕೇಳಿ, ಹಿಡಿ ಒಣಹುಲ್ಲನ್ನು ಗಾಳಿಗೆ ತೂರಿದರು. ಅದು ಕಡಲ ಕಡೆಗೆ ಹಾರಿತು. “ಬೆಳಗ್ಗೆ ಗಾಳಿ ನೆಲದಿಂದ ಕಡಲಿಗೆ, ಮಾಷ್ಟ್ರೇ. ಇಳಿತದ ಹೊತ್ತಾದರೆ ನೀರೂ ಕಡಲಿಗೆ. ದಡದಲ್ಲಿ ಅಲೆಯೇ ಇಲ್ಲ, ಆದರೆ ಎರಡೂ ಸೇರಿ ಹೊರಗೆ ದೂಡುತ್ತವೆ. ಮಧ್ಯಾಹ್ನ ಗಾಳಿ ತಿರುಗಿ, ಇಳಿಯುವ ನೀರಿಗೆ ಎದುರಾದರೆ ಅಲೆ ಗೋಡೆಯಂತೆ ಏಳುತ್ತದೆ.”

ಅಷ್ಟರಲ್ಲಿ ಲಾರಿ ಬಂತು. ಮೊದಲನೆಯದು ರೇಸಿನ ಶೆಲ್: ಸುಮಾರು 8 ಮೀಟರ್ ಉದ್ದ, ನೀರಿನ ಮಟ್ಟದಲ್ಲಿ ಒಂದಡಿಯಷ್ಟೇ ಅಗಲ. ಸ್ಪರ್ಧೆಯ ನಿಯಮದಂತೆ ಇಂಥದ್ದರ ಕನಿಷ್ಠ ತೂಕ 14 ಕಿಲೋ. ಆಸನ ಹಿಂದೆಮುಂದೆ ಜಾರುವುದರಿಂದ ಕಾಲಿನ ಬಲವೆಲ್ಲ ಹುಟ್ಟಿಗೆ ಸಿಗುತ್ತದೆ. ನಿಶ್ಚಲ ನೀರಿನಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಹಗ್ಗದ ಮೇಲೆ ನಡೆಯುವ ದೊಂಬರವಳಿಗೆ ಕೈಯ ಕೋಲು ಹೇಗೋ ಇದಕ್ಕೆ ಜೋಡಿ ಹುಟ್ಟುಗಳು ಹಾಗೆ, ಕೈಬಿಟ್ಟರೆ ಮಗುಚುತ್ತದೆ. ಎರಡನೆಯದು ತೆರೆದ ನೀರಿಗೆಂದು ಮಾಡಿದ್ದು. ಕಡಲ ಸ್ಪರ್ಧೆಯ ಒಂಟಿ ದೋಣಿಯ ಮಾದರಿ: 6 ಮೀಟರಿಗೆ ಮೀರದ ಉದ್ದ, ಮುಕ್ಕಾಲು ಮೀಟರ್ ಅಗಲ, 35 ಕಿಲೋಗೆ ಕಡಿಮೆಯಿಲ್ಲದ ತೂಕ. ಹಿಂಬದಿ ತೆರೆದಿರುವುದರಿಂದ ಒಳನುಗ್ಗಿದ ನೀರು ತಾನೇ ಹರಿದುಹೋಗುತ್ತದೆ. ಮುಚ್ಚಿದ ಗಾಳಿಯ ಅರೆಗಳು ಅದನ್ನು ತೇಲಿಸುತ್ತವೆ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕಡಲದಡದ ರೋಯಿಂಗಿಗೂ ಸ್ಥಾನವಿದೆಯೆಂದು ಮಾರಾಟಗಾರರು ಹುರಿದುಂಬಿಸಿದರು.

ಮಗಳ ಕಣ್ಣು ಮೊದಲನೆಯದರಿಂದ ಕದಲಲಿಲ್ಲ. “ಇದಾದರೆ ನಾನೊಬ್ಬಳೇ ಹೊತ್ತು ತರಬಲ್ಲೆ. ಯಾರನ್ನೂ ಕಾಯಬೇಕಿಲ್ಲ.” ಆ ಮಾತಿನಲ್ಲಿ ತೂಕಕ್ಕಿಂತ ಹೆಚ್ಚಿನದೇನೋ ಇತ್ತು. ಬೇಡವೆಂದರೆ, ದೋಣಿಯೇ ಬೇಡವೆಂದಂತೆ ಆಕೆಗೆ ಕೇಳಿಸೀತೆಂದು ಸುಮ್ಮನಾದೆ.

ಕಾಕ ಎದ್ದು ಬಂದರು. “ಮೋಳೇ, ದೋಣಿಯನ್ನು ಕೂತು ನೋಡಿದರೆ ಸಾಲದು. ಬಿದ್ದು ನೋಡು.”

ಲೈಫ್ ಜಾಕೆಟ್ ತೊಟ್ಟು, ಸೇತುವೆಯಿಂದ ಮೇಲಕ್ಕೆ ತಿರುವಿನಲ್ಲಿ, ಕಾಲು ನಿಲುಕದಷ್ಟೇ ಆಳದಲ್ಲಿ ಆಕೆ ಶೆಲ್ಲನ್ನು ತಾನೇ ಮಗುಚಿದಳು. ಕಾಕನ ದೋಣಿ ಪಕ್ಕದಲ್ಲೇ ಇತ್ತು. ಹುಟ್ಟುಗಳನ್ನು ಜೋಡಿಸಿ ಹಿಡಿದು ಏರಲು ಯತ್ನಿಸಿದಳು. ಆಲಪ್ಪುಳದಲ್ಲಿ ಇದನ್ನು ಕಲಿತಿದ್ದಳು, ಅಲ್ಲಿ ಏರಿಯೂ ಇದ್ದಳು. ಇಲ್ಲಿ ಇಳಿಯುವ ನೀರು ಬಿಡಲಿಲ್ಲ. ನಾಲ್ಕು ಸಲ ಏರಿದಳು, ನಾಲ್ಕು ಸಲವೂ ಜಾರಿದಳು. ಐದನೆಯದಕ್ಕೆ ಕೈ ಸೋತಿತು. ಎಣಿಸುತ್ತಿದ್ದ ನಾನು ತಲೆಯೆತ್ತಿದಾಗ, ಆಕೆ ನಾನು ನಿಂತಲ್ಲಿಂದ ಬಹಳ ಕೆಳಗಿದ್ದಳು. ಕಡಲ ಕಡೆಗೆ.

ಅರ್ಧ ಗಂಟೆ ದಣಿವಾರಿಸಿಕೊಂಡು ಅಗಲದ ದೋಣಿಯನ್ನು ಮಗುಚಿದಳು. ಅದನ್ನು ಮಗುಚಲಿಕ್ಕೇ ಹೆಣಗಬೇಕಾಯಿತು. ಎರಡನೆಯ ಯತ್ನದಲ್ಲಿ ಹೊಟ್ಟೆಯ ಮೇಲೆ ಒರಗಿ, ಹೊರಳಿ, ಆಸನದಲ್ಲಿ ಕುಳಿತಳು. ನೀರು ಹಿಂಬದಿಯಿಂದ ಸುರಿದುಹೋಯಿತು.

ದಡಕ್ಕೆ ಬಂದು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, “ಇದು ನಿಧಾನ,” ಎಂದಳು. ಮತ್ತೆ, “ಇದನ್ನೇ ಇಟ್ಟುಕೊಳ್ಳೋಣ.”

ಮಕ್ಕಳಿಗೆ ದೋಣಿ ಕೊಳ್ಳಲೆಣಿಸುವ ಪಾಲಕರಿಗೆ ಕಾಕನ ಪರೀಕ್ಷೆಯನ್ನೇ ನಾನು ಹೇಳಬಲ್ಲೆ. ವೇಗವನ್ನು ಅಳೆಯುವ ಮೊದಲು, ನೀವು ಓಡಾಡುವ ನೀರಿನಲ್ಲೇ, ಜೊತೆಗೊಂದು ದೋಣಿಯನ್ನಿಟ್ಟುಕೊಂಡು, ಬಿದ್ದವರು ಮತ್ತೆ ಏರಬಲ್ಲರೇ ಎಂದು ನೋಡಿರಿ. ಕಾಕ ಇನ್ನೆರಡು ಮಾತು ಸೇರಿಸಿದರು: ಮೊದಲು ಹರಿವಿಗೆ ಎದುರಾಗಿ ಮೇಲಕ್ಕೆ ಹೋಗಬೇಕು, ದಣಿದಾಗ ಹೊಳೆಯೇ ಮನೆಗೆ ತರುತ್ತದೆ; ಮಳೆಗಾಲದಲ್ಲಿ ದೋಣಿ ಕೊಟ್ಟಿಗೆಯಲ್ಲಿರಬೇಕು.

ಮೂವತ್ತೈದು ಕಿಲೋವನ್ನು ದಡದ ಮೆಟ್ಟಿಲುಗಳಲ್ಲಿ ಒಬ್ಬರೇ ಇಳಿಸಲಾಗದು. ಹಾಗಾಗಿ ಈಗ ರವಿವಾರಗಳಂದು ಆರು ಗಂಟೆಗೆ ನಾನು ಮುಂಬದಿ ಹಿಡಿಯುತ್ತೇನೆ, ಮಗಳು ಹಿಂಬದಿ. ದೋಣಿ ನೀರಿಗಿಳಿದ ಮೇಲೆ ಆಕೆಯ ಮುಖ ನನ್ನ ಕಡೆಗೇ ಇರುತ್ತದೆ, ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುವುದರಿಂದ. ತಿರುವಿನಲ್ಲಿ ಮರೆಯಾಗುವವರೆಗೂ ಆಕೆ ನನ್ನನ್ನು ನೋಡುತ್ತಲೇ ದೂರ ಹೋಗುತ್ತಾಳೆ. ನಾನು ಒಂದು ಹಿಡಿ ಹುಲ್ಲನ್ನು ಗಾಳಿಗೆ ತೂರಿ ನೋಡುತ್ತೇನೆ.