ಅಂಚಿನಲ್ಲಿ ಬರೆದ ಹೆಸರು

ಹಳೇ ಬಟ್ಟೆ ನೋಡೋದಕ್ಕೆ ದುಡ್ಡು ಕೊಟ್ಟು ಹೋಗಿದ್ದೆ ಅಂತ ಹೇಳಿದಾಗ ಅಮ್ಮ ಫೋನಿನಲ್ಲೇ ನಕ್ಕುಬಿಟ್ಟಳು. "ಅಟ್ಟದ ಮೇಲೆ ಎರಡು ಟ್ರಂಕು ತುಂಬಾ ಇದೆಯಲ್ಲೋ, ಊರಿಗೆ ಬಾ, ಪುಕ್ಕಟೆ ತೋರಿಸ್ತೀನಿ" ಅಂದಳು.

ನಿಜ ಹೇಳಬೇಕಂದ್ರೆ ಹೋಗಬೇಕಾಗಿದ್ದವನು ನಾನಲ್ಲ. ಇವಳು ಮತ್ತೆ ಇವಳ ಗೆಳತಿ ಎರಡು ತಿಂಗಳ ಹಿಂದೆಯೇ ಬುಕ್ ಮಾಡಿಕೊಂಡಿದ್ದರು. ಹಿಂದಿನ ದಿನ ಗೆಳತಿಗೆ ಜ್ವರ. ಟಿಕೆಟ್ಟಿನ ದುಡ್ಡು ವಾಪಸ್ ಬರೋದಿಲ್ಲ ಅಂತ ಗೊತ್ತಾದ ತಕ್ಷಣ ನನ್ನೊಳಗಿನ ಮಧ್ಯಮ ವರ್ಗದ ಆಸಾಮಿ ಎದ್ದು ಕೂತ. ಶನಿವಾರ ಮಧ್ಯಾಹ್ನ, ಲಂಡನ್ನಿನ ಜಿಟಿಜಿಟಿ ಮಳೆ, ಬೇರೆ ಕೆಲಸವೂ ಇರಲಿಲ್ಲ... ಹೊರಟೆ.

ಒಂದು ಹಳೇ ಕಟ್ಟಡದ ಎರಡನೇ ಮಹಡಿ. ಅಪರೂಪದ ಡಿಸೈನರ್ ಉಡುಪುಗಳನ್ನು ಸಂಗ್ರಹಿಸಿ, ಮ್ಯೂಸಿಯಮ್ಮುಗಳಿಗೂ ಸಂಗ್ರಾಹಕರಿಗೂ ಮಾರುವವರ ಜಾಗ ಅದು. ಆಗೊಮ್ಮೆ ಈಗೊಮ್ಮೆ ಎಂಟೇ ಎಂಟು ಜನರನ್ನು ಕರೆದು, ಎರಡು ಗಂಟೆ ಕಾಲ ನಾಲ್ಕಾರು ಉಡುಪು ತೆಗೆದು ತೋರಿಸುತ್ತಾರೆ. ಎಂಟರಲ್ಲಿ ಗಂಡಸು ನಾನೊಬ್ಬನೇ. ಚೀಲ, ಕೊಡೆ, ಜಾಕೆಟ್ಟು ಎಲ್ಲ ಹೊರಗೆ. ಉಂಗುರ, ವಾಚು ಬಿಚ್ಚಬೇಕು, ದಾರಕ್ಕೆ ಸಿಕ್ಕಿಕೊಳ್ಳುತ್ತೆ. ಬರೆದುಕೊಳ್ಳೋದಾದರೆ ಪೆನ್ಸಿಲ್ ಮಾತ್ರ, ಪೆನ್ನು ಕೂಡದು. ಕೈ ತೊಳೆದುಕೊಂಡು ಒಳಗೆ ಹೋದರೆ ಅರೆಗತ್ತಲು. ಕರೆಂಟಿನ ಸಮಸ್ಯೆ ಅಂದುಕೊಂಡೆ :) ಹಳೇ ಬಟ್ಟೆಯ ಮೇಲೆ 50 ಲಕ್ಸಿಗಿಂತ ಜಾಸ್ತಿ ಬೆಳಕು ಬೀಳಬಾರದು ಅಂತ ಮ್ಯೂಸಿಯಮ್ಮುಗಳ ಲೆಕ್ಕವಂತೆ. ಬೆಳಕಿನಿಂದ ಆದ ಹಾನಿಯನ್ನು ಮತ್ತೆ ಸರಿ ಮಾಡೋಕೆ ಆಗಲ್ಲ, ಬಣ್ಣ ಹೋದರೆ ಹೋಯ್ತು. ನಮ್ಮಮ್ಮನ ಟ್ರಂಕು ಯಾಕೆ ಕತ್ತಲಲ್ಲಿ ಇರುತ್ತೆ ಅನ್ನೋದಕ್ಕೂ ಒಂದು ಸಮರ್ಥನೆ ಸಿಕ್ಕಿತು.

ತೋರಿಸಿದವರು ಎಪ್ಪತ್ತರ ಆಸುಪಾಸಿನ ಹೆಂಗಸು. ಬೆಳ್ಳಿ ಕೂದಲು, ಮೆಲುದನಿ. ನಮ್ಮ ಪ್ರೈಮರಿ ಸ್ಕೂಲಿನ ಹೊಲಿಗೆ ಟೀಚರ್ ನೆನಪಾದರು.

ಮೊದಲು ತೆಗೆದದ್ದು 1930ರ ದಶಕದ ಒಂದು ಕಪ್ಪು ಗೌನು. ಮೆಡೆಲೀನ್ ವಿಯೊನೆ ಅನ್ನೋ ಫ್ರೆಂಚ್ ವಿನ್ಯಾಸಕಿಯದು. ಅದನ್ನು ಹ್ಯಾಂಗರಿಗೆ ಹಾಕಿರಲಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಿಟ್ಟಿದ್ದರು. ಈಕೆ ಬಟ್ಟೆಯನ್ನು ಎಳೆಗೆ ನೇರವಾಗಿ ಕತ್ತರಿಸದೆ 45 ಡಿಗ್ರಿ ಓರೆಯಾಗಿ ಕತ್ತರಿಸುತ್ತಿದ್ದಳು. ಓರೆಯಾದಾಗ ಎಳೆದರೆ ಬಟ್ಟೆ ಹಿಗ್ಗುತ್ತೆ, ಮೈಗೆ ನೀರಿನ ಹಾಗೆ ಅಂಟಿ ಇಳಿಯುತ್ತೆ. ನೇತು ಹಾಕಿದರೆ ತನ್ನ ಭಾರಕ್ಕೆ ತಾನೇ ಜೋತುಬೀಳುತ್ತೆ. ಮೊದಲು ಅರ್ಧ ಅಳತೆಯ ಮರದ ಗೊಂಬೆಯ ಮೇಲೆ ಸುತ್ತಿ, ಪಿನ್ನು ಚುಚ್ಚಿ ನೋಡಿ, ಆಮೇಲೆ ದೊಡ್ಡದು ಮಾಡುತ್ತಿದ್ದಳಂತೆ. ನಾವು ಮಾಡೋ ಪ್ರೋಟೋಟೈಪು.

ನನಗೆ ಕುತೂಹಲ ಹುಟ್ಟಿಸಿದ್ದು ಈಕೆಯ ಲೇಬಲ್ಲು. ನಕಲು ಮಾಡುವವರ ಕಾಟ ತಡೆಯಲಾರದೆ ವಿಯೊನೆ ಲೇಬಲ್ಲಿನ ಮೇಲೆ ತನ್ನ ಹೆಬ್ಬೆಟ್ಟು ಒತ್ತೋಕೆ ಶುರುಮಾಡಿದಳು. ಸಾಲದ್ದಕ್ಕೆ ಪ್ರತಿ ಉಡುಪನ್ನೂ ಮುಂದೆ, ಹಿಂದೆ, ಪಕ್ಕ ಫೋಟೋ ತೆಗೆಸಿ ಹಕ್ಕುಸ್ವಾಮ್ಯದ ಆಲ್ಬಮ್ಮುಗಳನ್ನು ಮಾಡಿಸಿದಳು. 75 ಆಲ್ಬಮ್ಮು! 1952ರಲ್ಲಿ ಅವನ್ನೆಲ್ಲ ದಾನ ಮಾಡಿದಳು, ಈಗ ಪ್ಯಾರಿಸ್ಸಿನ ಅಲಂಕಾರ ಕಲೆಗಳ ಮ್ಯೂಸಿಯಮ್ಮಿನಲ್ಲಿವೆ. ಈಕೆಯ ಕೈಕೆಳಗೆ ಸಾವಿರಕ್ಕೂ ಹೆಚ್ಚು ಜನ ಹೊಲಿಯುವವರಿದ್ದರು. ಅವರಿಗೆ ಸಂಬಳದ ರಜೆ, ಹೆರಿಗೆ ರಜೆ, ಕ್ಯಾಂಟೀನು, ಡಾಕ್ಟರು ಎಲ್ಲ ಕೊಟ್ಟಿದ್ದ ಒಳ್ಳೇ ಯಜಮಾನಿ ಅಂತ ಹೆಸರು.

ಗುಂಪಿನ ಒಬ್ಬಳು ಕೇಳಿದಳು, "ಹೊಲಿದವರ ಬೆರಳಚ್ಚು ಎಲ್ಲಿ?" ತೋರಿಸುತ್ತಿದ್ದವರು ನಕ್ಕರು. "ಅವರು ಬೆರಳಿಗೆ ಲೋಹದ ಟೋಪಿ ಹಾಕಿಕೊಂಡು ಹೊಲಿಯುತ್ತಿದ್ದರಲ್ಲಮ್ಮಾ, ಅಚ್ಚು ಬೀಳ್ತಾ ಇರಲಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಆಮೇಲೆ ಒಂದು ಬಾಲೆನ್ಸಿಯಾಗ ಬಂತು. ಅದರ ಬಗ್ಗೆ ನನಗೆ ಹೇಳೋಕೆ ಏನೂ ಇಲ್ಲ. ಇವಳು ಅದರ ಮುಂದೆ ಹತ್ತು ನಿಮಿಷ ಉಸಿರು ಬಿಗಿಹಿಡಿದು ನಿಂತಿದ್ದಳು, ಬೇಕಾದರೆ ಇವಳನ್ನೇ ಕೇಳಿ.

ಕೊನೆಗೆ ಒಂದು ಪುಟ್ಟ ದುಂಡು ಡಬ್ಬಿ ತಂದರು. ಟೋಪಿ ಇಡೋ ಡಬ್ಬಿ ಥರ. ಮುಚ್ಚಳ ತೆಗೆದರೆ ಒಳಗೆ ಏಪ್ರಿಕಾಟ್ ಬಣ್ಣದ, ತಿರುಚಿ ಸುತ್ತಿಟ್ಟ ರೇಷ್ಮೆ ಲಡಿ. ನೂಲು ಇರಬೇಕು ಅಂದುಕೊಂಡೆ. ಅದನ್ನು ಎರಡೂ ಕೈಯಲ್ಲಿ ಎತ್ತಿ, ನಿಧಾನಕ್ಕೆ ಬಿಚ್ಚಿ, ಮೇಜಿನ ಮೇಲೆ ಇಳಿಬಿಟ್ಟರು. ಶಾವಿಗೆ ಒರಳಿಂದ ಎಳೆ ಇಳಿಯುತ್ತಲ್ಲ, ಹಾಗೆ ಇಳಿಯಿತು. ಮುಷ್ಟಿಯಲ್ಲಿ ಹಿಡಿಯುವಷ್ಟಿದ್ದದ್ದು ಆಳುದ್ದದ ಗೌನಾಯ್ತು. ತೋಳಿನಿಂದ ಕಾಲಿನ ತನಕ ನೆರಿಗೆ, ನೆರಿಗೆ, ನೆರಿಗೆ. ಕೂದಲೆಳೆಯಷ್ಟು ಸಣ್ಣ ಸಣ್ಣ ನೆರಿಗೆಗಳು, ಒಂದರಂತೆ ಇನ್ನೊಂದಿಲ್ಲ. ಪಕ್ಕದ ಹೊಲಿಗೆಗುಂಟ ರೇಷ್ಮೆ ದಾರದಲ್ಲಿ ಪೋಣಿಸಿದ ವೆನಿಸ್ಸಿನ ಮುರಾನೋ ದ್ವೀಪದ ಗಾಜಿನ ಮಣಿಗಳು. ಚಂದಕ್ಕೂ ಆಯ್ತು, ಹಗುರ ರೇಷ್ಮೆ ಹಾರಾಡದಂತೆ ಕೆಳಕ್ಕೆ ಎಳೆದು ಹಿಡಿಯೋ ಭಾರಕ್ಕೂ ಆಯ್ತು.

ಇದರ ಹೆಸರು ಡೆಲ್ಫೋಸ್. ಮಾಡಿದ್ದು ಮರಿಯಾನೊ ಫೊರ್ಚುನಿ. 1871ರಲ್ಲಿ ಸ್ಪೇನಿನ ಗ್ರಾನಡಾದಲ್ಲಿ ಹುಟ್ಟಿ, ವೆನಿಸ್ಸಿನಲ್ಲಿ ಬದುಕಿ, 1949ರಲ್ಲಿ ಅಲ್ಲೇ ಸತ್ತವನು. ಗ್ರೀಸಿನ ಡೆಲ್ಫಿಯಲ್ಲಿ 1896ರಲ್ಲಿ ಸಿಕ್ಕ ಸಾರಥಿಯ ಕಂಚಿನ ವಿಗ್ರಹದ ಉಡುಪು ನೋಡಿ ಇಟ್ಟ ಹೆಸರು. ಒಳಕವಚ ಇಲ್ಲದೆ, ಸೊಂಟ ಬಿಗಿಯದೆ ಹೆಗಲಿಂದ ನೇರ ಇಳಿಯೋ ಇಂಥ ಗೌನು ಆ ಕಾಲಕ್ಕೆ ಮನೆಯೊಳಗೆ ಮಾತ್ರ ಹಾಕಬಹುದಾದದ್ದು. ಪ್ರೂಸ್ತ್ ತನ್ನ ಕಾದಂಬರಿಯಲ್ಲಿ ಫೊರ್ಚುನಿಯ ಉಡುಪುಗಳನ್ನು ಮತ್ತೆ ಮತ್ತೆ ತರುತ್ತಾನೆ.

ಮಜಾ ಏನಂದ್ರೆ ರೇಷ್ಮೆಯಲ್ಲಿ ನೆರಿಗೆ ನಿಲ್ಲಲ್ಲ. ಈಗಿನ ನೆರಿಗೆ ಬಟ್ಟೆಗಳು, ಉದಾಹರಣೆಗೆ 1993ರಲ್ಲಿ ಇಸ್ಸೆ ಮಿಯಾಕೆ ತಂದದ್ದು, ಪಾಲಿಯೆಸ್ಟರಿನವು. ಅದು ಒಂದು ಬಗೆಯ ಪ್ಲಾಸ್ಟಿಕ್ಕು. ಬಿಸಿಯಲ್ಲಿ ಒತ್ತಿ ತಣ್ಣಗಾಗಿಸಿದರೆ ಆಕಾರ ಮರೆಯೋದಿಲ್ಲ. ರೇಷ್ಮೆ ಪ್ರೋಟೀನು, ನಮ್ಮ ಕೂದಲಿನ ಹಾಗೆ, ನೀರು ಬಿದ್ದರೆ ಒಳಗಿನ ಬಂಧ ಸಡಿಲಗೊಂಡು ಮತ್ತೆ ಚಪ್ಪಟೆ. ಹಾಗಾಗಿ ಡೆಲ್ಫೋಸ್ ಒದ್ದೆಯಾದರೆ ಮತ್ತೆ ನೆರಿಗೆ ಹಾಕಿಸೋಕೆ ವೆನಿಸ್ಸಿಗೇ ಕಳಿಸಬೇಕಿತ್ತು. ಮಾರುವಾಗಲೇ ಹೀಗೆ ತಿರುಚಿ ಡಬ್ಬಿಯಲ್ಲಿಟ್ಟು ಕೊಡುತ್ತಿದ್ದರು. ನನ್ನ ಅಕ್ಕ ಕಾಲೇಜಿಗೆ ಹೋಗುವಾಗ ಕ್ರಶ್ ದುಪಟ್ಟಾವನ್ನು ಒದ್ದೆಯಿದ್ದಾಗಲೇ ಹಗ್ಗದ ಹಾಗೆ ಹೊಸೆದು ಗಂಟು ಹಾಕಿ ಕಿಟಕಿಗೆ ತೂಗು ಹಾಕ್ತಾ ಇದ್ದದ್ದು ನೆನಪಾಗಿ, ಇವಳ ಕಿವಿಯಲ್ಲಿ ಹೇಳಿ ಬೈಸಿಕೊಂಡೆ.

ಫೊರ್ಚುನಿ ಬರೀ ದರ್ಜಿಯಲ್ಲ. ಚಿತ್ರಕಾರ, ನಾಟಕದ ಬೆಳಕಿನ ತಜ್ಞ, ಯಂತ್ರ ಕಟ್ಟುವವನು. ರಂಗದ ಮೇಲೆ ದೀಪ ನೇರ ಬೀಳಿಸದೆ ಪ್ರತಿಫಲಿಸಿ ಬೀಳಿಸುವ ವ್ಯವಸ್ಥೆಯಿಂದ ಹಿಡಿದು ಇಪ್ಪತ್ತಕ್ಕೂ ಹೆಚ್ಚು ಪೇಟೆಂಟುಗಳು ಅವನ ಹೆಸರಲ್ಲಿವೆ. ಪೇಟೆಂಟ್ ಅಂದ ತಕ್ಷಣ ನಾನು ನೆಟ್ಟಗೆ ನಿಂತೆ. ನಮ್ಮ ಜಾತಿಯವನು ಸಿಕ್ಕ ಅಂತ ಖುಷಿ. ಡೆಲ್ಫೋಸ್ ಗೌನಿಗೂ, ನೆರಿಗೆ ಹಾಕೋ ಯಂತ್ರಕ್ಕೂ 1909ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಸಲ್ಲಿಸಿದ.

ಆಗ ಆ ಹಿರಿಯ ಹೆಂಗಸು ಗೌನಿನ ಅಂಚು ಸರಿಪಡಿಸುತ್ತಾ, ತಲೆಯೆತ್ತದೆ ಹೇಳಿದರು: "ಆದರೆ ಇದನ್ನು ಕಂಡುಹಿಡಿದದ್ದು ಅವನಲ್ಲ."

ಕಂಡುಹಿಡಿದದ್ದು ಹೆನ್ರಿಯೆಟ್ ನೆಗ್ರಿನ್. ಅವನ ಸಂಗಾತಿ. 1924ರಲ್ಲಿ ಮದುವೆಯಾದರು, ಆದರೆ ಅದಕ್ಕೆ ಬಹಳ ಮೊದಲಿನಿಂದ ವೆನಿಸ್ಸಿನ ಆ ದೊಡ್ಡ ಮನೆಯಲ್ಲಿ ಬಣ್ಣ, ಅಚ್ಚು, ರೇಷ್ಮೆಯ ಕಾರ್ಖಾನೆ ನಡೆಸಿದವಳು ಆಕೆ. ಇದು ಯಾರೋ ಆಮೇಲೆ ಊಹಿಸಿದ್ದಲ್ಲ. ಫೊರ್ಚುನಿಯೇ ಪೇಟೆಂಟ್ ಪತ್ರದ ಪ್ರತಿಯ ಮೇಲೆ ಕೈಬರಹದಲ್ಲಿ ಬರೆದಿಟ್ಟಿದ್ದಾನೆ. ಈ ಪೇಟೆಂಟ್ ಹೆನ್ರಿಯೆಟ್ಟಳದು, ಕಂಡುಹಿಡಿದವಳು ಅವಳೇ, ಸಲ್ಲಿಸೋ ಅವಸರಕ್ಕೆ ನನ್ನ ಹೆಸರಲ್ಲಿ ತೆಗೆದುಕೊಂಡೆ ಅಂತ.

ಅವಸರಕ್ಕೆ.

ಆ ಮಾತು ಕೇಳಿದ ಮೇಲೆ ಅಲ್ಲಿ ಏನು ಹೇಳಿದರೋ ನನ್ನ ತಲೆಗೆ ಹೋಗಲಿಲ್ಲ. ಯಾಕೆ ಅಂತ ಹೇಳಿಬಿಡ್ತೀನಿ.

2022ರಲ್ಲಿ, ಬೆಂಗಳೂರಿನಲ್ಲಿದ್ದಾಗ, ನಮ್ಮ ಟೀಮಿನಲ್ಲಿ ಒಂದು ತಲೆನೋವಿತ್ತು. ಸರ್ವರ್ ಬಿದ್ದು ಎದ್ದ ತಕ್ಷಣ ಲಕ್ಷಾಂತರ ಫೋನುಗಳು ಒಂದೇ ಕ್ಷಣಕ್ಕೆ ಸಂಪರ್ಕಕ್ಕೆ ನುಗ್ಗಿ ಅದನ್ನು ಮತ್ತೆ ಮಲಗಿಸುತ್ತಿದ್ದವು. ಸರ್ವರನ್ನು ಕೇಳದೆಯೇ ಪ್ರತಿ ಫೋನೂ ತನ್ನ ಸರದಿಯನ್ನು ತಾನೇ ಲೆಕ್ಕ ಹಾಕಿಕೊಳ್ಳೋ ಉಪಾಯವನ್ನು ಕ್ಯಾಂಟೀನಿನ ಬಿಲ್ಲಿನ ಹಿಂದೆ ಗೀಚಿ ತೋರಿಸಿದ್ದು ನನಗಿಂತ ಒಂದು ವರ್ಷ ಜೂನಿಯರ್ ಆಗಿದ್ದ ಹುಡುಗಿ. ಕೋಡ್ ಬರೆದದ್ದು ನಾನು, ಬಹುಪಾಲು. ಪೇಟೆಂಟಿಗೆ ಕಳಿಸೋಣ ಅಂತ ಲೀಡ್ ಹೇಳಿದಾಗ ಅವಳು ಊರಲ್ಲಿದ್ದಳು, ಅಪ್ಪ ಐಸಿಯುನಲ್ಲಿ. ಕ್ವಾರ್ಟರ್ ಮುಗಿಯೋಕೆ ಎರಡೇ ದಿನ. ಫಾರ್ಮಿನಲ್ಲಿ ಹೆಸರು ಹಾಕಿದರೆ ಅವಳ ಸಹಿಯೂ ಬೇಕು. ಆಸ್ಪತ್ರೆಯಲ್ಲಿರೋಳಿಗೆ ಯಾಕೆ ತೊಂದರೆ ಕೊಡೋದು, ಆಮೇಲೆ ಸೇರಿಸಿದರಾಯ್ತು ಅಂತ ನಾನೇ ಅಂದೆ. ಲೀಡ್ ಹೇಳಿದ್ದಲ್ಲ, ನಾನೇ ಅಂದದ್ದು. ಅದನ್ನು ದಯೆ ಅಂತಲೇ ನಂಬಿದ್ದೆ. ನಮ್ಮಿಬ್ಬರ ಹೆಸರು ಹೋಯಿತು. ಕಂಡುಹಿಡಿದವರು ನಾವೇ ಅನ್ನೋ ಘೋಷಣಾ ಪತ್ರಕ್ಕೆ ಸಹಿ ಹಾಕಿದೆ.

ಆಮೇಲೆ ಅನ್ನೋದು ಬರಲೇ ಇಲ್ಲ. ಅವಳು ವಾಪಸ್ ಬಂದಳು, ಆರು ತಿಂಗಳಿಗೆ ಬೇರೆ ಕಡೆ ಸೇರಿದಳು. 2024ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಮಂಜೂರಾಯ್ತು. ಬಹುಮಾನದ ದುಡ್ಡಲ್ಲಿ ಅಮ್ಮನಿಗೆ ವಾಷಿಂಗ್ ಮಷೀನ್ ಕೊಡಿಸಿದೆ. ನನ್ನ ಹೆಸರು ಕೆತ್ತಿದ ಫಲಕ ಊರಿನ ಮನೆಯ ಶೋಕೇಸಿನಲ್ಲಿದೆ. ಬಂದವರಿಗೆಲ್ಲ ಅಮ್ಮ ತೋರಿಸುತ್ತಾಳೆ.

ಡೆಲ್ಫೋಸನ್ನು ಮತ್ತೆ ತಿರುಚಿ ಡಬ್ಬಿಗೆ ಇಡುವಾಗ ನಾನು ಒಂದೇ ಪ್ರಶ್ನೆ ಕೇಳಿದೆ. ಆಕೆಯ ಹೆಸರು ಆಮೇಲೆ ಅಧಿಕೃತವಾಗಿ ಸೇರಿತಾ? ಇಲ್ಲ. ದಾಖಲೆಯಲ್ಲಿ ಅವನ ಹೆಸರೇ ಉಳಿಯಿತು. ಅವನು ಸತ್ತ ಮೇಲೆ ಹೆನ್ರಿಯೆಟ್ ಡೆಲ್ಫೋಸ್ ಮಾಡೋದನ್ನೇ ನಿಲ್ಲಿಸಿಬಿಟ್ಟಳು. 1956ರಲ್ಲಿ ಮನೆಯನ್ನು ವೆನಿಸ್ ನಗರಕ್ಕೆ ದಾನ ಮಾಡಿ, 1965ರಲ್ಲಿ ತೀರಿಕೊಂಡಳು. ಈಗ ಆ ಮನೆ ಮ್ಯೂಸಿಯಮ್ಮು, ಹೆಸರು ಫೊರ್ಚುನಿ ಮ್ಯೂಸಿಯಮ್ಮು. ಯಂತ್ರದ ಪೇಟೆಂಟ್ ಉಳಿದಿದೆ, ಅದರಲ್ಲಿ ನೆರಿಗೆಯ ಪೂರ್ತಿ ಗುಟ್ಟು ಮಾತ್ರ ಇಲ್ಲ.

ಮನೆಗೆ ಬರುವಾಗ ರೈಲಿನಲ್ಲಿ ಹುಡುಕಿದೆ. ಅಮೆರಿಕದ ಪೇಟೆಂಟ್ ಕಾನೂನಿನ 256ನೇ ಸೆಕ್ಷನ್ ಪ್ರಕಾರ, ಮಂಜೂರಾದ ಪೇಟೆಂಟಿನಲ್ಲೂ ಬಿಟ್ಟುಹೋದ ಹೆಸರನ್ನು ಸೇರಿಸಬಹುದು. ಹೆಸರು ಇರುವವರು, ಸೇರಬೇಕಾದವರು, ಮಾಲೀಕ ಕಂಪನಿ ಎಲ್ಲರೂ ಒಪ್ಪಿ ಅರ್ಜಿ ಹಾಕಬೇಕು. ಮೊದಲು ಮೋಸದ ಉದ್ದೇಶ ಇರಲಿಲ್ಲ ಅನ್ನೋದೂ ಬೇಕಿತ್ತಂತೆ. 2011ರ ತಿದ್ದುಪಡಿಯಲ್ಲಿ ಆ ಮಾತು ತೆಗೆದಿದ್ದಾರೆ. ನನಗೆ ಅನುಕೂಲವೇ ಆಯ್ತು ಅನ್ನಿ. ಇವಳಿಗೆ ಎಲ್ಲ ಹೇಳಿದೆ. ಇವಳು ಎರಡು ಸ್ಟೇಷನ್ ದಾಟೋ ತನಕ ಮಾತಾಡಲಿಲ್ಲ. ಆಮೇಲೆ, "ಅವಳ ನಂಬರ್ ಇದೆಯಾ?" ಅಂದಳು.

ಭಾನುವಾರ ಫೋನ್ ಮಾಡಿದೆ. ನಾಲ್ಕು ವರ್ಷಕ್ಕೆ ಹತ್ತಿರವಾಗಿತ್ತು ಮಾತಾಡಿ. ಮೂರು ಸಲ ಅಭ್ಯಾಸ ಮಾಡಿಕೊಂಡಿದ್ದ ವಾಕ್ಯಗಳು ಉಲ್ಟಾ ಪಲ್ಟಾ ಆದವು. ಅವಳು ಕೇಳಿಸಿಕೊಂಡಳು.

"ಆ ಫಾರ್ಮು ನಾನು ನೋಡಿದ್ದೆ" ಅಂದಳು. "ಅಪ್ಪನ ವೈಕುಂಠ ಸಮಾರಾಧನೆ ಮುಗಿಸಿ ಬಂದ ದಿನವೇ ನೋಡಿದ್ದೆ."

"ಕೇಳಬಹುದಿತ್ತಲ್ಲ?"

"ನೀವೇ ಹೇಳ್ತೀರ ಅಂತ ಕಾದೆ. ಆಮೇಲೆ ಕೆಲಸ ಬದಲಾಯಿಸಿದೆ."

ಅಷ್ಟೇ ಅಂದದ್ದು. ಬೈದಿದ್ದರೆ ಚೆನ್ನಾಗಿತ್ತು. ಈಗ ಯಾಕೆ ನೆನಪಾಯ್ತು ಅಂತ ಕೇಳಿದಳು. ಒಂದು ಗೌನು ನೋಡಿ ಅಂದರೆ ಹುಚ್ಚು ಅಂದುಕೊಳ್ಳುತ್ತಾಳೆ ಅನ್ನಿಸಿದರೂ ಡಬ್ಬಿ, ನೆರಿಗೆ, ಹೆನ್ರಿಯೆಟ್, ಅಂಚಿನ ಟಿಪ್ಪಣಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಆ ಬರೆದಿದ್ದನ್ನ ಪೇಟೆಂಟ್ ಆಫೀಸಿಗೆ ಕಳಿಸಿದ್ನಂತಾ?"

"ಇಲ್ಲ. ಪ್ರತಿಯ ಮೇಲೆ ಬರೆದಿಟ್ಟ ಅಷ್ಟೇ."

"ಹಂಗಾದ್ರೆ ನೀವು ಆಫೀಸಿಗೇ ಕಳಿಸಿ" ಅಂದಳು. ಮಗುವಿಗೆ ಊಟ ಮಾಡಿಸಬೇಕು ಅಂತ ಫೋನ್ ಇಟ್ಟಳು.

ಸೋಮವಾರ ಬೆಳಗ್ಗೆ ಹಳೇ ಲೀಡಿಗೂ, ಕಂಪನಿಯ ಕಾನೂನು ವಿಭಾಗಕ್ಕೂ ಮೇಲ್ ಹಾಕಿದೆ. ಕ್ಯಾಂಟೀನ್ ಬಿಲ್ಲಿನ ಫೋಟೋ ಹಳೇ ಫೋನಿನಲ್ಲಿ ಸಿಕ್ಕಿತು, ಅದನ್ನೂ ಲಗತ್ತಿಸಿದೆ. ಲೀಡ್ ಇನ್ನೂ ಉತ್ತರಿಸಿಲ್ಲ. ಕಾನೂನು ವಿಭಾಗದವರು ಗುರುವಾರ ಹನ್ನೊಂದಕ್ಕೆ ಮೀಟಿಂಗ್ ಇಟ್ಟಿದ್ದಾರೆ. ಶೋಕೇಸಿನ ಫಲಕದ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ.