ತೋಟ ಬಿಟ್ಟು ಲಾರಿ ಆಫೀಸಲ್ಲಿ ಮೂರು ವಾರ

ಬಿಳಿನೊಣ, ಎಲೆ ಮುದುರು ರೋಗದ ಬಗ್ಗೆ ಬರೀತೀನಿ ಅಂದಿದ್ದವನು ಎಲ್ಲಿ ಹೋದ ಅಂತ ಕೆಲವರು ಫೋನ್ ಮಾಡಿ ಕೇಳಿದ್ರಿ. ಬರೀತೀನಿ, ಮುಂದಿನ ಸಲ. ಇವತ್ತು ಬೇರೆ ವಿಷಯ ಇದೆ, ಸ್ವಲ್ಪ ಉದ್ದ ಆಗುತ್ತೆ.

ನಮ್ಮ ಬಾವ ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲು ಮುರ್ಕೊಂಡ್ರು. ಕೋಲಾರದಲ್ಲಿ ಅವರದ್ದೊಂದು ಸಣ್ಣ ಟ್ರಾನ್ಸ್‌ಪೋರ್ಟ್ ಆಫೀಸಿದೆ. ಏಳು ಗಾಡಿ, ಒಂದು ಮೇಜು, ಎರಡು ಫೋನು. ಅಕ್ಕನ ಮಗಳು ಬಿ.ಕಾಂ ಮುಗಿಸಿ ಅಲ್ಲೇ ಲೆಕ್ಕ ನೋಡ್ತಾಳೆ. ರಾತ್ರಿ ಹೊತ್ತು ಅವಳೊಬ್ಬಳನ್ನೇ ಕೂರಿಸೋಕಾಗಲ್ಲ ಅಂತ ಅಕ್ಕ ನನ್ನ ಕರೆದಳು. ತೋಟ ತಮ್ಮನಿಗೆ ಒಪ್ಪಿಸಿ ಮೂರು ವಾರ ಹೋಗಿ ಕೂತೆ.

ನಾನು ಅಂದ್ಕೊಂಡಿದ್ದು ಬಾವನ ಹಳೇ ಕಾಲದ ಲಾಂಗ್ ನೋಟ್‌ಬುಕ್ ಇರುತ್ತೆ, ನೋಡಿ ಬರೆದರಾಯ್ತು ಅಂತ. ಹೋಗಿ ನೋಡಿದ್ರೆ ಗೋಡೆ ಮೇಲೆ ದೊಡ್ಡ ಸ್ಕ್ರೀನು. ಹುಡುಗಿ ಸಾಫ್ಟ್‌ವೇರ್ ಹಾಕಿಸಿದಾಳೆ, ತಿಂಗಳಿಗೆ ಗಾಡಿಗಿಷ್ಟು ಅಂತ ಬಾಡಿಗೆ ಕಟ್ಟೋದು. ಯಾವ ಗಾಡಿ ಎಲ್ಲಿದೆ, ಯಾರ ಲೋಡು, ಡ್ರೈವರ್‌ಗೆ ಕೊಟ್ಟ ಅಡ್ವಾನ್ಸೆಷ್ಟು, ಬಾಟಾ ಎಷ್ಟು, ಡೀಸೆಲ್ ಎಷ್ಟು, ಎಲ್ಲ ಅದರಲ್ಲೇ. ಫಾಸ್ಟ್ಯಾಗಲ್ಲಿ ಹೋಗೋ ಟೋಲ್ ದುಡ್ಡು ತಾನಾಗೇ ಆ ಟ್ರಿಪ್ಪಿನ ಲೆಕ್ಕಕ್ಕೆ ಬಂದು ಬೀಳುತ್ತೆ. ಎಫ್‌ಸಿ, ಇನ್ಷೂರೆನ್ಸ್, ಪರ್ಮಿಟ್, ಹೊಗೆ ಸರ್ಟಿಫಿಕೇಟ್ ಮುಗಿಯೋ ಮುಂಚೆ ಕೆಂಪು ಗುರುತು ಬರುತ್ತೆ. ಎಂಟು ವರ್ಷ ದಾಟಿದ ಗಾಡಿಗೆ ವರ್ಷ ವರ್ಷವೂ ಎಫ್‌ಸಿ ಆಗಬೇಕಲ್ಲ, ಬಾವನ ಹತ್ರ ಅಂಥವು ನಾಲ್ಕಿದಾವೆ. ಮೊದಲೆಲ್ಲ ಒಂದಲ್ಲ ಒಂದು ಮರೆತು ದಂಡ ಕಟ್ತಿದ್ರು.

ಸಾಫ್ಟ್‌ವೇರ್ ಅಂದ್ರೆ ಅದೇ ಎಲ್ಲ ಮಾಡುತ್ತೆ ಅಂತಲ್ಲ. ಆ್ಯಪ್ ಇಂಗ್ಲಿಷಲ್ಲಿದೆ. ಡ್ರೈವರ್‌ಗಳು ಕೆಲವರಿಗೆ ತೆಲುಗು, ಕೆಲವರಿಗೆ ತಮಿಳು, ಒಬ್ಬರ ಹತ್ರ ಇನ್ನೂ ಬಟನ್ ಫೋನು. ಅನ್‌ಲೋಡಾದ ರಸೀದಿ ಫೋಟೋ ಹಾಕಿ ಅಂದ್ರೆ ಹೆಬ್ಬೆರಳಿನ ಫೋಟೋ ಬರುತ್ತೆ. ಅರ್ಧ ಕೆಲಸ ಹುಡುಗೀನೇ ಫೋನಲ್ಲಿ ಕೇಳಿ ತುಂಬಿಸ್ತಾಳೆ. ಎರಡು ವಾರ ನಾನೂ ಅದನ್ನೇ ಮಾಡಿದೆ.

ನನಗೆ ಹೊಸದಾಗಿ ಗೊತ್ತಾಗಿದ್ದು ರಿಟರ್ನ್ ಲೋಡಿನ ವಿಷಯ. ನಾವು ರೈತರು ಬಾಡಿಗೆ ಜಾಸ್ತಿ ಅಂತ ಕಿತ್ತಾಡ್ತೀವಿ. ಆ ಬಾಡಿಗೆ ನಿಂತಿರೋದೇ ಗಾಡಿ ವಾಪಸ್ ಬರುವಾಗ ಏನಾದ್ರೂ ತುಂಬ್ಕೊಂಡು ಬರುತ್ತೆ ಅನ್ನೋ ಮೇಲೆ. ನಮ್ಮ ಟೊಮೇಟೊಗೆ ಇ-ವೇ ಬಿಲ್ ಬೇಕಿಲ್ಲ, ತಾಜಾ ತರಕಾರಿಗೆ ವಿನಾಯ್ತಿ ಇದೆ. ಆದ್ರೆ ಚೆನ್ನೈಯಿಂದ ವಾಪಸ್ ಬರೋ ಟೈಲ್ಸು, ಪ್ಲಾಸ್ಟಿಕ್ ಸಾಮಾನಿಗೆ 50,000 ರೂಪಾಯಿ ದಾಟಿದ್ರೆ ಬಿಲ್ ಬೇಕು. ಅದಕ್ಕೂ ವಾಯಿದೆ ಇದೆ, 200 ಕಿ.ಮೀ.ಗೆ ಒಂದು ದಿನ. ಬೆಳಗ್ಗೆ ಹೊತ್ತಿಗೆ ಗಾಡಿ ಖಾಲಿ ಆಗ್ಲಿಲ್ಲ ಅಂದ್ರೆ ಆ ಪಾರ್ಟಿ ಬೇರೆ ಗಾಡಿ ನೋಡ್ಕೋತಾನೆ. ಇವರ ಗಾಡಿ ಖಾಲಿ ಬರುತ್ತೆ, ಡೀಸೆಲ್ ಮಾತ್ರ ಖರ್ಚಾಗುತ್ತೆ.

ಎರಡನೇ ವಾರ ನಾನೊಂದು ಎಡವಟ್ಟು ಮಾಡಿದೆ. ಮಧ್ಯಾಹ್ನ ಹಾಸನಕ್ಕೆ ಅರ್ಜೆಂಟ್ ಲೋಡು ಬಂತು. ಸ್ಕ್ರೀನಲ್ಲಿ ಒಂದು ಗಾಡಿ ಹಸಿರು ಬಣ್ಣದಲ್ಲಿ, ಖಾಲಿ ಅಂತ ತೋರಿಸ್ತಿದೆ, ಆಫೀಸಿಂದ ಎರಡು ಕಿ.ಮೀ. ದೂರ. ಒತ್ತಿಬಿಟ್ಟೆ. ಐದು ನಿಮಿಷಕ್ಕೆ ಬಾವ ಮಂಚದ ಮೇಲಿಂದ ಫೋನ್ ಮಾಡಿದ್ರು. ಅವರ ಮೊಬೈಲಿಗೂ ಎಲ್ಲ ಮೆಸೇಜ್ ಹೋಗುತ್ತೆ.

"ಏನಪ್ಪ, ಹಾಸನಕ್ಕೆ ಅವನನ್ನ ಹಾಕಿದೀಯ?"

"ಹೌದು ಬಾವ, ಖಾಲಿ ಇತ್ತಲ್ಲ."

"ಲಾರಿ ಖಾಲಿ, ಡ್ರೈವರ್ ಖಾಲಿನಾ? ಬೆಳಗ್ಗೆ ಎಂಟಕ್ಕೆ ಬಂದಿದಾನೆ ಚೆನ್ನೈಯಿಂದ. ಮಲಗಿ ಮೂರು ಗಂಟೆ ಆಗಿಲ್ಲ."

ಆ ಮಾತು ನೋಟ್‌ಬುಕ್ಕಲ್ಲೂ ಇರಲಿಲ್ಲ, ಸ್ಕ್ರೀನಲ್ಲೂ ಇರಲಿಲ್ಲ, ಬಾವನ ತಲೇಲಿತ್ತು. ಐದು ಜನ ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರೋ ಟ್ರಾನ್ಸ್‌ಪೋರ್ಟಿಗೆ 1961ರಲ್ಲೇ ಕಾನೂನು ಬಂದಿತ್ತು, ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆಯಾದ್ರೂ ವಿಶ್ರಾಂತಿ ಅಂತ. ಕಾನೂನು ಪುಸ್ತಕದಲ್ಲಿದೆ, ಲಾರಿ ರಸ್ತೇಲಿದೆ ಅಂತಾರೆ ಬಾವ. ಆವತ್ತಿಂದ ಹುಡುಗಿ ಷರಾ ಬರೆಯೋ ಜಾಗದಲ್ಲಿ ಟೈಪ್ ಮಾಡೋಕೆ ಶುರು ಮಾಡಿದಳು: "ಮಲಗಿದಾನೆ, 3 ಗಂಟೆ ಮೇಲೆ ಫೋನ್". ಆ ಖಾನೆ ಏನಕ್ಕೆ ಮಾಡಿದ್ರೋ, ನಮಗೆ ಇದಕ್ಕೆ ಉಪಯೋಗ ಆಯ್ತು.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರ್ತೀನಿ.

ಹೋದ ವರ್ಷ ನಾವು ನಾಲ್ಕು ಜನ ಸೇರಿ ಇಲ್ಲಿ ಮಂಡಿಗೆ ಹಾಕದೆ ನೇರ ಕೋಯಂಬೇಡಿಗೆ ಲೋಡ್ ಕಳಿಸಿದ್ದು ನೆನಪಿರಬೇಕು ನಿಮಗೆ. 280 ಬಾಕ್ಸು, ಹದಿನೈದು ಕೆ.ಜಿ.ದು. ಗಾಡಿ ತಡವಾಗಿ ಹೋಗಿ ರಾತ್ರಿ ವ್ಯಾಪಾರ ತಪ್ಪಿ, ಬಾಕ್ಸಿಗೆ 60 ರೂಪಾಯಿ ಕಡಿಮೆ ಸಿಕ್ತು. ಲೆಕ್ಕ ಹಾಕಿ, 16,800 ರೂಪಾಯಿ ಹೋಯ್ತು. ಡ್ರೈವರು ದಾರೀಲಿ ಫೋನ್ ಮಾಡಿ "ಪಲಮನೇರ್ ಹತ್ರ ಊಟಕ್ಕೆ ನಿಲ್ಸಿದೀನಿ ಅಣ್ಣ" ಅಂದಿದ್ದ. ನಾನು ಅದನ್ನೇ ಹಿಡ್ಕೊಂಡೆ. ನಿಲ್ಲಿಸಿ ಮಲಗಿದ್ದ, ಅದಕ್ಕೇ ತಡ ಆಯ್ತು ಅಂತ ಬಾವನ ಆಫೀಸಿಗೆ ಹೋಗಿ ಕೂಗಾಡಿದೆ. ಬಾಡಿಗೇಲಿ 2,500 ಹಿಡ್ಕೊಂಡೆ. ಬಾವ ಸಂಬಂಧಿಕ ಅಂತ ಸುಮ್ಮನಾದ್ರು, ಆದ್ರೆ ಆ ದುಡ್ಡು ಡ್ರೈವರ್ ಲೆಕ್ಕದಲ್ಲೇ ಕಡಿತ ಆಯ್ತು. ಎರಡು ತಿಂಗಳಿಗೆ ಅವನು ಕೆಲಸ ಬಿಟ್ಟ. ಈ ಪೇಜಲ್ಲೂ ಬರೆದಿದ್ದೆ ನಾನು, ಲಾರಿಯವರನ್ನ ನಂಬಬೇಡಿ ಅಂತ. ತುಂಬ ಜನ ಹೌದು ಹೌದು ಅಂದಿದ್ರಿ.

ಒಂದು ರಾತ್ರಿ ಆಫೀಸಲ್ಲಿ ನಿದ್ದೆ ಬರದೆ ಕೂತಿದ್ದೆ. ಗಾಡೀಲಿ ಜಿಪಿಎಸ್ ಡಬ್ಬಿ ಹೋದ ವರ್ಷಾನೂ ಇತ್ತು, ಫೈನಾನ್ಸಿನವರು ಹಾಕಿಸಿದ್ದು. ಹಳೇ ದಾರಿ ತೆಗೆದು ನೋಡಬಹುದು ಅಂತ ಹುಡುಗಿ ಹೇಳಿಕೊಟ್ಟಿದ್ದಳು. ಆ ತಾರೀಕು ಹಾಕಿ ನೋಡಿದೆ. ಗೆರೆ ನಮ್ಮೂರ ದಾರಿ ಹಿಡಿದು ನಮ್ಮ ತೋಟದ ಹತ್ರ ಬಂದು ನಿಂತಿತು. ಬಂದಿದ್ದು ಸಂಜೆ 4.10. ಹೊರಟಿದ್ದು ರಾತ್ರಿ 9.35.

ಐದು ಗಂಟೆ ಇಪ್ಪತ್ತೈದು ನಿಮಿಷ, ನಮ್ಮ ತೋಟದಲ್ಲಿ.

ಆಮೇಲೆ ಮುಳಬಾಗಿಲು, ನಂಗಲಿ, ಪಲಮನೇರು ಹತ್ರ 40 ನಿಮಿಷ ನಿಂತಿದೆ. ಚಿತ್ತೂರು, ರಾಣಿಪೇಟೆ, ಎಲ್ಲೂ ನಿಂತಿಲ್ಲ. ಬೆಳಗಿನ ಜಾವ 4.50ಕ್ಕೆ ಕೋಯಂಬೇಡು. ಐದಕ್ಕೆ ನಮ್ಮಲ್ಲಿಂದ ಹೊರಟಿದ್ರೆ, ಆ ಊಟದ ನಲವತ್ತು ನಿಮಿಷ ಸೇರಿಸಿಯೂ, ಹನ್ನೆರಡೂಕಾಲಿಗೆ ಅಲ್ಲಿರ್ತಿತ್ತು.

ಆಗ ಆ ದಿನ ಎಲ್ಲ ನೆನಪಾಯ್ತು. ನಾಲ್ಕಕ್ಕೆ ಗಾಡಿ ಕಳಿಸಿ ಅಂದಿದ್ದು ನಾನೇ. ಹಣ್ಣು ಇನ್ನೂ ಗಿಡದಲ್ಲಿತ್ತು. ಮೊದಲೇ ಹೇಳದಿದ್ರೆ ಗಾಡಿ ಬೇರೆಯವರಿಗೆ ಹೋಗುತ್ತೆ ಅಂತ ಸುಳ್ಳು ಟೈಮ್ ಹೇಳೋದು ನಮಗೆಲ್ಲ ಅಭ್ಯಾಸ. ಕೂಲಿಯವರು ಐದು ಜನ ಕಡಿಮೆ ಬಂದಿದ್ರು. ಪಕ್ಕದ ತೋಟದ 70 ಬಾಕ್ಸು ಟ್ರ್ಯಾಕ್ಟರಲ್ಲಿ ಬರೋ ಹೊತ್ತಿಗೆ ಕತ್ತಲಾಗಿತ್ತು. ಡ್ರೈವರು ಅಷ್ಟು ಹೊತ್ತೂ ಟಾರ್ಪಾಲ್ ಹಿಡ್ಕೊಂಡು, ಬಾಕ್ಸ್ ಎಣಿಸ್ಕೊಂಡು ನಿಂತಿದ್ದ. ಅದನ್ನ ವಿಶ್ರಾಂತಿ ಅನ್ನೋಕಾಗುತ್ತಾ? ಎಂಟು ಗಂಟೆಗೆ ಕೂಲಿಯವರಿಗೆಲ್ಲ ಮುದ್ದೆ, ಸಾರು ಬಡಿಸಿದ್ವಿ. ಅವನನ್ನ ಯಾರೂ ಕರೀಲಿಲ್ಲ. ನಾನೂ ಕರೀಲಿಲ್ಲ.

ಬೆಳಗ್ಗೆ ಹುಡುಗಿಗೆ ತೋರಿಸಿದೆ. "ಮಾಮ, ನಾನು ಇದನ್ನ ಆವಾಗಲೇ ನೋಡಿದ್ದೆ" ಅಂದಳು. ಯಾಕೆ ಹೇಳಲಿಲ್ಲ ಅಂದ್ರೆ, "ಅಪ್ಪ ಬೇಡ ಅಂದ್ರು" ಅಂತ ಹೇಳಿ ಕಂಪ್ಯೂಟರ್ ಕಡೆ ತಿರುಗಿದಳು.

ಬಂಗಾರಪೇಟೆ ಕಡೆ ಹುಡುಗ ಅವನು, ಈಗ ಟಿಪ್ಪರ್ ಓಡಿಸ್ತಾನೆ. ನಂಬರ್ ಹುಡುಕಿ ಫೋನ್ ಮಾಡಿದೆ. ಏನು ಹೇಳಬೇಕೋ ಗೊತ್ತಾಗಲಿಲ್ಲ, ತಪ್ಪು ನಂದೇ ಕಣಪ್ಪ ಅಂದೆ. "ಅಯ್ಯೋ ಬಿಡಣ್ಣ, ಆವತ್ತು ಹಸಿವಾಗಿತ್ತು, ಅಷ್ಟೇ" ಅಂದ. 2,500 ಫೋನ್‌ಪೇ ಮಾಡಿದೆ. ಬೇಡ ಅಂತ ವಾಪಸ್ ಹಾಕ್ತಾನೇನೋ ಅಂದ್ಕೊಂಡಿದ್ದೆ. ಹಾಕಲಿಲ್ಲ. ಹಾಕಬೇಕಾಗೂ ಇಲ್ಲ.

ಹೋದ ವರ್ಷ ಬರೆದಿದ್ದ ಆ ಪೋಸ್ಟನ್ನ ಅಳಿಸಿಲ್ಲ. ಅದರ ಮೇಲೇ ಈ ವಿಷಯ ಸೇರಿಸಿದೀನಿ, ಆಗ ಹೌದು ಅಂದವರೂ ನೋಡಲಿ ಅಂತ. ಬಾವ ಈಗ ಹೊಸ ನಿಯಮ ತಂದಿದಾರೆ: ಲೋಡಿಂಗ್ ಜಾಗದಲ್ಲಿ ಎರಡು ಗಂಟೆವರೆಗೆ ಬಿಟ್ಟಿ, ಆಮೇಲೆ ಗಂಟೆಗೆ 200 ರೂಪಾಯಿ ಕಾಯೋ ಬಾಡಿಗೆ, ಅದು ಡ್ರೈವರ್‌ಗೇ ಹೋಗುತ್ತೆ. ಗಾಡಿ ಬಂದ ಟೈಮು, ಹೋದ ಟೈಮು ಸ್ಕ್ರೀನಲ್ಲಿ ಬರುತ್ತೆ, ಅಲ್ಲಿ ನಮ್ಮ ಮಾತು ನಡೆಯಲ್ಲ. ಆದ್ರೆ ಬೇರೆ ಟ್ರಾನ್ಸ್‌ಪೋರ್ಟಿನವರು ಕಾಯೋ ಬಾಡಿಗೆ ಕೇಳಲ್ಲ, ಗಿರಾಕಿ ಹೋಗ್ತಾರೇನೋ ಅಂತ ಬಾವನಿಗೆ ಹೆದರಿಕೆ ಇದೆ. ನಮ್ಮೂರಿಂದ ಈಗಾಗಲೇ ಇಬ್ಬರು ಬೇರೆ ಕಡೆ ಹೋಗಿದಾರೆ.

ಈ ಗುರುವಾರ ನಮ್ಮ ತೋಟದ ಮೂರನೇ ಕೊಯ್ಲು. ಗಾಡಿ ಸಂಜೆ ಆರೂವರೆಗೆ ಹೇಳಿದೀನಿ, ನಾಲ್ಕಕ್ಕಲ್ಲ. ಜೊತೇಲಿ ಹಾಕೋರು ಆರಕ್ಕೆ ಬಾಕ್ಸ್ ತೂಕ ಮಾಡಿ ರಸ್ತೆ ಪಕ್ಕ ತಂದಿಡಿ. ಬರೋ ಡ್ರೈವರು ಹಿಂದಿನ ರಾತ್ರಿ ಮನೇಲಿ ಮಲಗಿರ್ತಾನೆ ಅಂತ ಹುಡುಗಿ ಹತ್ರ ಕೇಳಿ ಖಾತ್ರಿ ಮಾಡ್ಕೊಂಡಿದೀನಿ. ಊಟ ನಮ್ಮನೇಲಿ.